ಕ್ಯಾಂಪರ್ ಗಾಡಿಗೆ ಮಡಚುವ ಮೆಟ್ಟಿಲು: ಎರಡು ಮಳೆಗಾಲ ಬಳಸಿದ ಮೇಲೆ

ನಮ್ಮದು ಹಳೆಯ ಟೆಂಪೋ ಟ್ರಾವೆಲರ್. ಚಿಕ್ಕಮಗಳೂರಿನಲ್ಲೇ ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ಮಾಡಿಸಿಕೊಂಡಿದ್ದು. ಹಾಸಿಗೆ, ಒಲೆ ಕೂರಿಸುವಾಗ ಬಾಗಿಲ ಹತ್ತಿರದ ತಗ್ಗು ಮುಚ್ಚಿ ಒಳಗಿನ ನೆಲ ಸಮ ಮಾಡಿಸಿದೆವು. ಹತ್ತೋದು ಕಷ್ಟವಾಗಿದ್ದು ಆಮೇಲೆ. ಮಣ್ಣಿನಿಂದ ಹೊಸ್ತಿಲಿಗೆ 27 ಇಂಚು. ಅಮ್ಮನಿಗೆ ಮಂಡಿನೋವು ಬೇರೆ. ಮೊದಲು ಹಾಕಿಸಿದ್ದ ಕಬ್ಬಿಣದ ಮೆಟ್ಟಿಲು ಯಾವಾಗಲೂ ಕೆಳಗೆ ಜೋತಾಡುತ್ತಿತ್ತು. ಕೆಮ್ಮಣ್ಣುಗುಂಡಿ ದಾರಿಯಲ್ಲಿ ಕಲ್ಲಿಗೆ ತಗುಲಿ ಸೊಟ್ಟಗಾಯಿತು.

ಹೊಸದು ಕೊಳ್ಳುವ ಮುಂಚೆ ಮನೆಯ ಜಗಲಿಗೆ ಇಟ್ಟಿಗೆ ಜೋಡಿಸಿ ಅಮ್ಮನನ್ನು ಹತ್ತಿಸಿ ನೋಡಿದೆ. 9 ಇಂಚು ಎತ್ತರದವರೆಗೆ ಆರಾಮಾಗಿ ಹತ್ತಿದರು. 12 ಇಂಚಿಗೆ ಕೈ ಆಸರೆ ಬೇಕಾಯಿತು. ಎರಡು ಹಂತವಿದ್ದರೆ 27 ಇಂಚು ಮೂರು ಏರಾಗಿ ತಲಾ 9 ಇಂಚು ಬರುತ್ತೆ, ಹಾಗಾಗಿ ಎರಡು ಹಂತದ್ದೇ ಬೇಕು ಅಂತ ತೀರ್ಮಾನಿಸಿದೆ. ಈ ಅಳತೆ ತೆಗೆಯದೆ ಸುಮ್ನೆ ಫೋಟೋ ನೋಡಿ ತರಿಸಬೇಡಿ. ಮಡಚಿದಾಗ ಎಷ್ಟು ದಪ್ಪ ಅನ್ನೋದನ್ನೂ ನೋಡಿ, ಹಂಪ್ ಮೇಲೆ ಹೋಗುವಾಗ ತಾಗುವುದು ಅದೇ ಅಲ್ವಾ?

12 ವೋಲ್ಟ್ ಮೋಟಾರಿನದ್ದೂ ಸಿಗುತ್ತೆ. ಬಾಗಿಲು ತೆಗೆದರೆ ತಾನೇ ಹೊರಗೆ ಬರುತ್ತೆ. ಆದರೆ ಮೋಟಾರು, ವೈರು ಎಲ್ಲ ಗಾಡಿಯ ಅಡಿಯಲ್ಲೇ. ನಮ್ಮ ಕಡೆಯ ಮಳೆ, ಕಾಫಿ ತೋಟದ ಕೆಸರು ನೆನಪಿಸಿಕೊಂಡು ಕೈಯಲ್ಲಿ ಎಳೆಯುವ ಅಲ್ಯೂಮಿನಿಯಂ ಮೆಟ್ಟಿಲನ್ನೇ ತರಿಸಿದೆ.

ಕೂರಿಸಿದ್ದು ಊರಿನ ಗ್ಯಾರೇಜಿನಲ್ಲಿ. ಇಲ್ಲಿ ಮೇಸ್ತ್ರಿಗೆ ನಿಜಕ್ಕೂ ಋಣಿ. ಬಾಡಿಯ ತಗಡಿಗೆ ಬೋಲ್ಟ್ ಹಾಕಿದರೆ ಸಾಲದೇ ಅಂತ ನಾನು ಕೇಳಿದ್ದೆ. ಮೆಟ್ಟಿಲ ತುದಿಯಲ್ಲಿ ಆಳು ನಿಂತರೆ ಭಾರವೆಲ್ಲ ಬೋಲ್ಟನ್ನು ಕೆಳಕ್ಕೆ ಕೀಳುತ್ತೆ, ತಗಡು ಹರಿದುಹೋಗುತ್ತೆ ಅಂದರು. ಚಾಸಿಸ್ ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿನ ಮೇಲಂಚು, ಕೆಳಂಚಿಗೆ ತೂತು ಹೊಡೆಯಲೂ ಒಪ್ಪಲಿಲ್ಲ, ಅಲ್ಲಿಂದಲೇ ಬಿರುಕು ಬಿಡುತ್ತಂತೆ. ಅದರ ಅಡ್ಡಪಟ್ಟಿಗಳಿಗೆ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಕಟ್ಟಿ, ಅದಕ್ಕೆ ಮೆಟ್ಟಿಲು ಬಿಗಿದರು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ವೈರು ಬಿಚ್ಚಿಟ್ಟರು. ಅಲ್ಯೂಮಿನಿಯಂ, ಕಬ್ಬಿಣ ನೇರ ತಾಗಿಕೊಂಡಿದ್ದು ನೀರು ಬಿದ್ದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತೆ. ಅದಕ್ಕೆ ನಡುವೆ ರಬ್ಬರ್ ಹಾಳೆ, ನೈಲಾನ್ ವಾಷರ್. ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್. ಅರ್ಧ ದಿನದ ಕೆಲಸ.

ಈಗ ನೆಲದಿಂದ ಮೊದಲ ಹಂತ 10 ಇಂಚು, ಆಮೇಲೆ ಎಂಟೂವರೆ, ಎಂಟೂವರೆ. ಅಮ್ಮ ಬಾಗಿಲ ಹಿಡಿ ಹಿಡಿದು ಒಬ್ಬರೇ ಹತ್ತುತ್ತಾರೆ. ಬೇಲೂರು, ಸಕಲೇಶಪುರ, ಚಾರ್ಮಾಡಿ ಘಾಟಿ ಎಲ್ಲ ಸುತ್ತಿ ಬಂದರೂ ಬೋಲ್ಟ್ ಒಂದೂ ಅಲುಗಿಲ್ಲ.

ತೊಂದರೆ ಇಲ್ಲದೆ ಇಲ್ಲ. ಜಾರದಿರಲಿ ಅಂತ ಅಂಟಿಸಿದ್ದ ಮರಳುಪಟ್ಟಿ ಮೊದಲ ಮಳೆಗಾಲದಲ್ಲೇ ಕಿತ್ತುಬಂತು. ಒದ್ದೆ ಅಲ್ಯೂಮಿನಿಯಂ ಮೇಲೆ ಕಾಲು ಜಾರಿ ಮಗಳ ಮೊಣಕಾಲು ತರಚಿತು. ಈಗ ಉಬ್ಬುಗಳಿರುವ ತಗಡು ರಿವೆಟ್ ಮಾಡಿಸಿದ್ದೇನೆ. ಗ್ರೀಸ್ ಹಚ್ಚಿದ್ದೂ ತಪ್ಪಾಯಿತು. ಕೆಸರು ಅಂಟಿ ಸ್ಪ್ರಿಂಗ್ ಹತ್ತಿರ ಗಟ್ಟಿಯಾಗಿ ಮೆಟ್ಟಿಲು ಒಳಗೇ ಹೋಗುತ್ತಿರಲಿಲ್ಲ. ಈಗ ನೀರು ಹೊಡೆದು ತೊಳೆದು, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಮಾತ್ರ.

ಒಮ್ಮೆ ಮೆಟ್ಟಿಲು ಹೊರಗಿರುವಾಗಲೇ ಗಾಡಿ ಹೊರಡಿಸಿ ತೋಟದ ಗೇಟಿನ ಕಂಬಕ್ಕೆ ತಾಗಿಸಿದೆ. ಪುಣ್ಯಕ್ಕೆ ಅಂಚು ಮಾತ್ರ ಬಾಗಿತು, ಹತ್ತಿರ ಯಾರೂ ಇರಲಿಲ್ಲ. ಮರುದಿನವೇ ಮೆಟ್ಟಿಲಿಗೆ ಒಂದು ಸ್ವಿಚ್, ಮೆಟ್ಟಿಲು ಹೊರಗಿದ್ದರೆ ಹೊತ್ತಿಕೊಳ್ಳುವ ಕೆಂಪು ದೀಪ ಸ್ಟೇರಿಂಗ್ ಪಕ್ಕ ಹಾಕಿಸಿದೆ. ಕೈಯಲ್ಲಿ ಎಳೆಯುವ ಮೆಟ್ಟಿಲು ತಗೊಳ್ಳುವವರು ಈ ದೀಪವನ್ನು ಮೊದಲ ದಿನವೇ ಹಾಕಿಸಿಬಿಡಿ.