ದಪ್ಪ ಟ್ಯೂಬು, ಮುಸ್ಸಂಜೆಯ ಬೆಳಕು: ನಾಲ್ಕು ವರ್ಷ ಬಳಸಿದ ರೈಫಲ್ ಸ್ಕೋಪ್

ನಾಲ್ಕು ವರ್ಷಗಳ ಹಿಂದೆ 30 ಮಿಲಿಮೀಟರ್ ಟ್ಯೂಬಿನ ಈ 3-12×50 (3ರಿಂದ 12 ಪಟ್ಟು ವರ್ಧನೆ, 50 ಮಿಲಿಮೀಟರ್ ಮುಂದಿನ ಮಸೂರ) ಸ್ಕೋಪನ್ನು ನಾನು ಕೊಂಡದ್ದು ಒಂದೇ ಕಾರಣಕ್ಕೆ: ಟ್ಯೂಬು ದಪ್ಪವಿದ್ದಷ್ಟೂ ಮುಸ್ಸಂಜೆಯಲ್ಲಿ ಕಣ್ಣಿಗೆ ಹೆಚ್ಚು ಬೆಳಕು ಸಿಗುತ್ತದೆ ಎಂದು ನಂಬಿದ್ದೆ. ನನ್ನ ಅಭ್ಯಾಸವೆಲ್ಲ ನಡೆಯುವುದು ಕೆಲಸ ಮುಗಿದ ಮೇಲೆ, 100 ಮೀಟರ್ ದೂರದ ಕಾಗದದ ಗುರಿಹಲಗೆಯ ಮೇಲೆ. ಚಳಿಗಾಲದಲ್ಲಿ ಚೀಲ ಬಿಚ್ಚಿ, ಮರಳುಚೀಲವನ್ನು ಹದಕ್ಕೆ ತಂದು, ಮೊದಲ ಹತ್ತು ಗುಂಡು ಮುಗಿಸುವ ಹೊತ್ತಿಗೆ ಸೂರ್ಯ ಇಳಿದಿರುತ್ತಾನೆ. ಅದರ ನಂತರ ಉಳಿಯುವ ಅರ್ಧ ಗಂಟೆಯ ಮಬ್ಬು ಬೆಳಕಿಗಾಗಿಯೇ, 25.4 ಮಿಲಿಮೀಟರಿನ, ಅಂದರೆ ಒಂದು ಇಂಚಿನ ಟ್ಯೂಬಿನ ಸ್ಕೋಪುಗಳನ್ನೆಲ್ಲ ಬದಿಗಿಟ್ಟು, ಹಲವು ತಿಂಗಳ ಉಳಿತಾಯವನ್ನು ಇದಕ್ಕೆ ಸುರಿದೆ.

ಮೊದಲು ಇದರ ಒಳ್ಳೆಯ ಗುಣಗಳನ್ನು ಹೇಳುತ್ತೇನೆ, ಏಕೆಂದರೆ ಅವು ನಿಜಕ್ಕೂ ಒಳ್ಳೆಯವು. ಟರೆಟ್ (ಗುರಿಬಿಂದುವನ್ನು ಸರಿಸುವ ತಿರುಗುಗುಂಡಿ) ತಿರುಗಿಸಿದಾಗ ಪ್ರತಿ ಕ್ಲಿಕ್ಕೂ ಬೆರಳ ತುದಿಗೆ ಒಂದೊಂದಾಗಿ ಎಣಿಸುವಂತೆ ತಿಳಿಯುತ್ತದೆ. ಒಂದು ಕ್ಲಿಕ್ಕಿಗೆ 0.1 ಮಿಲ್ (ಮಿಲ್ ಎಂಬುದು ಕೋನದ ಅಳತೆ), ಅಂದರೆ 100 ಮೀಟರಿನಲ್ಲಿ ಸರಿಯಾಗಿ 1 ಸೆಂಟಿಮೀಟರ್. ವರ್ಷಕ್ಕೆ ಎರಡು ಬಾರಿ ನಾನು ಒಂದು ಪರೀಕ್ಷೆ ಮಾಡುತ್ತೇನೆ: ಹಲಗೆಯ ಮೇಲೆ ನೇರವಾದ ಗೆರೆ ಎಳೆದು, ಕೆಳಗಿನ ಚುಕ್ಕೆಗೇ ಗುರಿ ಇಟ್ಟು, ಐವತ್ತು ಕ್ಲಿಕ್ ಮೇಲೇರಿಸಿ ಮೂರು ಗುಂಡು, ಮತ್ತೆ ಸೊನ್ನೆಗೆ ಇಳಿಸಿ ಮೂರು ಗುಂಡು ಹಾರಿಸುತ್ತೇನೆ. ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅದು ಸೊನ್ನೆ ತಪ್ಪಿಲ್ಲ. ದಪ್ಪ ಟ್ಯೂಬಿನ ನಿಜವಾದ ಉಪಯೋಗ ಇಲ್ಲಿದೆ. ಸ್ಕೋಪಿನೊಳಗೆ ಬಿಂಬವನ್ನು ನೇರಮಾಡುವ ಮಸೂರಗಳನ್ನು ಹೊತ್ತ ಸಣ್ಣ ಕೊಳವೆಯೊಂದಿರುತ್ತದೆ. ಟರೆಟ್ ತಿರುಗಿಸಿದಾಗ ಓಲುವುದು ಅದೇ. ಹೊರಗಿನ ಟ್ಯೂಬು ಅಗಲವಿದ್ದರೆ ಅದಕ್ಕೆ ಓಲಲು ಹೆಚ್ಚು ಜಾಗ ಸಿಗುತ್ತದೆ, ಹಾಗಾಗಿ ಬಹಳ ದೂರದ ಗುರಿಗೂ ಟರೆಟ್ಟಿನಲ್ಲಿ ಏರಿಕೆ ಉಳಿದಿರುತ್ತದೆ. ನಾನು ಮಾತ್ರ 100 ಮೀಟರ್ ದಾಟುವುದೇ ಅಪರೂಪ.

ಬೆಳಕಿನ ಲೆಕ್ಕವೇ ಬೇರೆ. ಸ್ಕೋಪಿನಿಂದ ಹೊರಬಂದು ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಗಲ, ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದಷ್ಟು. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಟ್ಯೂಬಿನ ದಪ್ಪ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಸ್ಕೋಪನ್ನು ತೋಳಿನಷ್ಟು ದೂರ ಹಿಡಿದು ಬೆಳಗಿನ ಆಕಾಶದ ಕಡೆ ತಿರುಗಿಸಿದರೆ, ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ತುದಿಯಲ್ಲಿ) ಬಿಳಿ ಗುಂಡಿಯಂಥ ಆ ವೃತ್ತ ಕಣ್ಣಿಗೇ ಕಾಣುತ್ತದೆ. ನನ್ನದರಲ್ಲಿ 12 ಪಟ್ಟು ವರ್ಧನೆಗೆ ಅದು 4 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, 7 ಪಟ್ಟಿಗೆ ಇಳಿಸಿದರೆ ಸುಮಾರು 7 ಮಿಲಿಮೀಟರ್. ಕತ್ತಲೆಯಲ್ಲಿ ಎಳೆಯರ ಕಣ್ಣಪಾಪೆ ಹಿಗ್ಗುವುದು ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ, ಹೊತ್ತು ಇಳಿಯುತ್ತಿದ್ದಂತೆ ವರ್ಧನೆಯನ್ನು 7ಕ್ಕೆ ತರುವುದು ಸರಿಯಾದ ಕ್ರಮವೆಂದು ಓದಿಕೊಂಡಿದ್ದೆ, ಹಾಗೆಯೇ ಮಾಡತೊಡಗಿದೆ.

ನನ್ನ ಅಸಮಾಧಾನ ಹುಟ್ಟಿದ್ದು ಅಲ್ಲಿಂದ. ಈ ಸ್ಕೋಪಿನ ರೆಟಿಕಲ್ (ಗುರಿ ಇಡುವ ಗೆರೆಗಳು) ಮೊದಲ ಫೋಕಲ್ ಪ್ಲೇನಿನಲ್ಲಿದೆ, ಅಂದರೆ ವರ್ಧನೆ ಏರಿಸಿದಾಗ ಗುರಿಯ ಜೊತೆಗೇ ಗೆರೆಗಳೂ ದಪ್ಪವಾಗುತ್ತವೆ, ಇಳಿಸಿದಾಗ ತೆಳುವಾಗುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಇದು ತೊಂದರೆಯೇ ಅಲ್ಲ. ದೂರ ಅಳೆಯಲು, ಗುಂಡು ಎಷ್ಟು ಜಾರಿತೆಂದು ಗೆರೆಗಳಲ್ಲೇ ಎಣಿಸಲು ಅನುಕೂಲವೇ ಆಗಿದೆ. ಮುಸ್ಸಂಜೆಯಲ್ಲಿ ಮಾತ್ರ, ಬೆಳಕಿಗಾಗಿ ವರ್ಧನೆ ಇಳಿಸಬೇಕಾದ ಆ ಹೊತ್ತಿನಲ್ಲೇ ಗೆರೆಗಳು ಕೂದಲೆಳೆಯಷ್ಟು ತೆಳುವಾಗಿ, ಗುರಿಹಲಗೆಯ ಕಪ್ಪು ವೃತ್ತದ ಮೇಲೆ ಬಂದ ಕೂಡಲೇ ಕಾಣೆಯಾಗುತ್ತವೆ. ಬಿಳಿ ಅಂಚಿನ ಮೇಲೆ ಗೆರೆ ಕಾಣುತ್ತದೆ, ವೃತ್ತದ ಅಂಚು ತೀಡಿದಂತೆ ಸ್ಪಷ್ಟವಾಗಿ ಕಾಣುತ್ತದೆ, ಹಲಗೆಗೆ ಹೊಡೆದ ಮೊಳೆಯ ತಲೆಯೂ ಕಾಣುತ್ತದೆ; ಆದರೆ ಗುರಿಯ ನಡುವೆ ಕೂಡಬೇಕಾದ ಕ್ರಾಸ್‌ಹೇರ್ ಎಲ್ಲಿದೆ ಎಂದು ಹೇಳಲಾಗುವುದಿಲ್ಲ. ಎಲ್ಲವೂ ಕಾಣುವಾಗ ಗುರಿ ಇಡುವ ಬಿಂದುವೊಂದೇ ಕಾಣದಿರುವುದು ಎಷ್ಟು ಬೇಸರದ ಸಂಗತಿ ಎಂಬುದನ್ನು ಅನುಭವಿಸಿದವರಷ್ಟೇ ಬಲ್ಲರು.

ರೆಟಿಕಲ್ಲಿಗೆ ಕೆಂಪು ದೀಪದ ಸೌಲಭ್ಯವಿದೆ, ಅದಕ್ಕೊಂದು ಸಿಆರ್2032 ಬ್ಯಾಟರಿ. ಆದರೆ ಅದರ ಅತಿ ಕಡಿಮೆ ಹಂತವೂ ಮುಸ್ಸಂಜೆಗೆ ಹೆಚ್ಚೇ. ದೀಪ ಹೊತ್ತಿಸಿದೊಡನೆ ಗೆರೆಗಳ ಸುತ್ತ ಕೆಂಪು ಮಂಜು ಕವಿದು, ಅದುವರೆಗೆ ಕತ್ತಲೆಗೆ ಹೊಂದಿಕೊಂಡಿದ್ದ ಕಣ್ಣು ಕೆಡುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನನ್ನ ಬಳಿ ಇರುವುದೇ ಆ ಅರ್ಧ ಗಂಟೆ. ಹಗಲಿಗೆ ಕಣ್ಣು ಕುಕ್ಕುವಷ್ಟು ದೀಪ ಕೊಟ್ಟ ತಯಾರಕರು, ದೀಪ ನಿಜವಾಗಿ ಬೇಕಾಗುವ ಹೊತ್ತಿಗೆ ಇನ್ನೆರಡು ಕೆಳಗಿನ ಹಂತ ಕೊಡಬೇಕಿತ್ತು. ಈ ಒಂದು ಲೋಪಕ್ಕೆ ನಾನು ಇಂದಿಗೂ ಅವರನ್ನು ಮನ್ನಿಸಿಲ್ಲ.

ಎರಡನೆಯ ಚಳಿಗಾಲದಲ್ಲಿ ಪಕ್ಕದ ಬೆಂಚಿನ ಹಿರಿಯರೊಬ್ಬರು ತಮ್ಮ ಹಳೆಯ 6×42 ಸ್ಕೋಪಿನಲ್ಲಿ ನೋಡಲು ಕರೆದರು. ಒಂದು ಇಂಚಿನ ಟ್ಯೂಬು, ವರ್ಧನೆ ಬದಲಿಸಲಾಗದ್ದು, ಟರೆಟ್ಟಿಗೆ ಮುಚ್ಚಳ, ದೀಪವಿಲ್ಲ. ರೆಟಿಕಲ್ ಮಾತ್ರ ಜರ್ಮನ್ ನಂಬರ್ 4: ಎಡಕ್ಕೆ, ಬಲಕ್ಕೆ, ಕೆಳಗೆ ಮೂರು ದಪ್ಪ ಕಂಬಗಳು, ನಡುವೆ ಚಿಕ್ಕ ತೆಳು ಕ್ರಾಸ್. ಎರಡೂ ರೈಫಲ್‌ಗಳನ್ನು ಖಾಲಿಮಾಡಿ, ಬೋಲ್ಟ್ ತೆಗೆದು, ಮರಳುಚೀಲಗಳ ಮೇಲೆ ಜೊತೆಜೊತೆಗೆ ಇಟ್ಟು, ಒಂದರಿಂದ ಮತ್ತೊಂದಕ್ಕೆ ಕಣ್ಣು ಬದಲಿಸುತ್ತ ಕೂತೆವು. ಬಿಂಬದ ಹೊಳಪಿನಲ್ಲಿ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಅದರದ್ದೂ 42ನ್ನು 6ರಿಂದ ಭಾಗಿಸಿದರೆ 7 ಮಿಲಿಮೀಟರೇ. ಅಂಚಿನ ಸ್ಪಷ್ಟತೆಯಲ್ಲಿ ನನ್ನದೇ ಮೇಲು. ಆದರೆ ನನ್ನ ಗೆರೆಗಳು ಅಳಿಸಿಹೋಗಿ ಎಷ್ಟೋ ನಿಮಿಷಗಳಾದ ಮೇಲೂ ಆ ಮೂರು ಕಂಬಗಳು ಕಣ್ಣನ್ನು ನಡುವಿಗೆ ಕರೆದೊಯ್ಯುತ್ತಿದ್ದವು; ಕ್ರಾಸ್ ಕಾಣದಿದ್ದರೂ ಕಂಬಗಳು ಎಲ್ಲಿ ಸೇರಬೇಕೆಂಬುದು ಕಾಣುತ್ತಿತ್ತು. ರೇಂಜಿನ ಕೊನೆಯ ಮಣ್ಣಿನ ದಿಬ್ಬ ಬರಿಗಣ್ಣಿಗೆ ಕಾಣದಾದಾಗ ಗುಂಡು ನಿಲ್ಲಿಸಬೇಕೆಂಬುದು ನಮ್ಮಲ್ಲಿ ಎಲ್ಲರೂ ಪಾಲಿಸುವ ನಿಯಮ, ಮತ್ತು ಅದು ಸರಿಯಾದದ್ದು. ಅಲ್ಲಿಯವರೆಗೂ ಅವರ ಸ್ಕೋಪು ಕೆಲಸ ಮಾಡುತ್ತಿತ್ತು, ನನ್ನದು ಅದಕ್ಕೆ ಮೊದಲೇ ಕೈಬಿಡುತ್ತಿತ್ತು.

ಅಂದಿನಿಂದ ಮಾರಿಬಿಡಬೇಕೆಂದುಕೊಂಡಿದ್ದ ಸ್ಕೋಪನ್ನು ಉಳಿಸಿಕೊಂಡದ್ದು ಒಂದು ಅಲೆನ್ ಕೀ (ತಿರುಪು ಬಿಗಿಸುವ, ಬೇರೆಬೇರೆ ದಪ್ಪದ ಸರಳುಗಳ) ಕಟ್ಟಿನಿಂದ. ಕತ್ತಲೆಯಲ್ಲಿ ಕಣ್ಣಪಾಪೆ ಎಷ್ಟು ಹಿಗ್ಗುತ್ತದೆಂದು ಮನೆಯಲ್ಲೇ ಅಂದಾಜು ಮಾಡಬಹುದು. ಅರ್ಧ ಗಂಟೆ ಕತ್ತಲೆಯಲ್ಲಿದ್ದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ಹತ್ತಿರವೇ ಅಲೆನ್ ಕೀಯನ್ನು ನೆಟ್ಟಗೆ ಹಿಡಿದು ಒಂದು ನಕ್ಷತ್ರವನ್ನು ನೋಡಬೇಕು. ಕೀ ಪಾಪೆಗಿಂತ ಕಿರಿದಾಗಿದ್ದರೆ ನಕ್ಷತ್ರ ಅದರ ಅಕ್ಕಪಕ್ಕದಿಂದ ಮಿನುಗುತ್ತಲೇ ಇರುತ್ತದೆ. ಅಗಲವಾಗಿದ್ದರೆ ಪೂರ್ತಿ ಮರೆಯಾಗುತ್ತದೆ. ನನಗೆ 5 ಮಿಲಿಮೀಟರ್ ಕೀಯ ಹಿಂದಿನಿಂದ ನಕ್ಷತ್ರ ಮಸುಕಾಗಿ ಇಣುಕಿತು, 6ರ ಹಿಂದೆ ಮರೆಯಾಯಿತು. ನನಗೀಗ 47 ವರ್ಷ. ವಯಸ್ಸಾದಂತೆ ಪಾಪೆ ಹಿಗ್ಗುವುದು ಕಡಿಮೆಯಾಗುವುದು ಸಹಜ. ಹಾಗಾದರೆ 7 ಮಿಲಿಮೀಟರ್ ಅಗಲದ ಬೆಳಕಿನ ವೃತ್ತದಲ್ಲಿ ಹೊರಗಿನ ಅಂಚೆಲ್ಲ ನನ್ನ ಕಣ್ಣಿನ ಹೊರಗೇ ಬೀಳುತ್ತಿತ್ತು. 50ನ್ನು 10ರಿಂದ ಭಾಗಿಸಿದರೆ ಬರುವ 5 ಮಿಲಿಮೀಟರೇ ನನಗೆ ಹೆಚ್ಚುಕಡಿಮೆ ಸಾಕು.

ಮರುದಿನ ವರ್ಧನೆಯನ್ನು 7ರ ಬದಲು 10ಕ್ಕೆ ನಿಲ್ಲಿಸಿ ನೋಡಿದೆ. ಬಿಂಬ ನನ್ನ ಕಣ್ಣಿಗೆ ಗಮನಿಸುವಷ್ಟು ಕಪ್ಪಾಗಲಿಲ್ಲ, ಗೆರೆಗಳು ಸುಮಾರು ಒಂದೂವರೆ ಪಟ್ಟು ದಪ್ಪವಾದವು, ಕಪ್ಪು ವೃತ್ತವೂ ದೊಡ್ಡದಾಯಿತು. ಜೊತೆಗೆ ಗುರಿಕಾಗದವನ್ನೂ ಬದಲಿಸಿದೆ: ಕಪ್ಪು ವೃತ್ತದ ನಡುವೆ ನಾಣ್ಯದಷ್ಟು ಬಿಳಿ ಕಾಗದ ಅಂಟಿಸಿದ್ದರಿಂದ ಕ್ರಾಸ್‌ಹೇರ್‌ಗೆ ಒಂದು ಹಿನ್ನೆಲೆ ಸಿಕ್ಕಿತು. ದಿನದ ಕೊನೆಗೆ ನನಗೆ ಹೆಚ್ಚುವರಿಯಾಗಿ ಹತ್ತು ನಿಮಿಷ ದಕ್ಕಿದವು. ಹಳೆಯ 6×42ರ ಮಟ್ಟಕ್ಕೆ ಅದು ಇನ್ನೂ ಬಂದಿಲ್ಲ, ಆದರೆ ಸಿಟ್ಟು ಇಳಿಯಿತು.

ಬೆಳಕು ನಿಜವಾಗಿ ಗೆಲ್ಲುವ ಅಥವಾ ಸೋಲುವ ಇನ್ನೊಂದು ಜಾಗ ಗಾಜಿನ ಮೇಲ್ಮೈ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಸುಮಾರು ಶೇಕಡಾ 4ರಷ್ಟು ಬೆಳಕು ಹಿಂದಿರುಗುತ್ತದೆ. ಎಂಟು ಮಸೂರಗಳಿಗೆ ಹದಿನಾರು ಮೇಲ್ಮೈ ಎಂದಿಟ್ಟುಕೊಂಡರೆ ಕಣ್ಣಿಗೆ ತಲುಪುವುದು ಅರ್ಧದಷ್ಟೇ. 1935ರಲ್ಲಿ ಝೈಸ್ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಡೆಯುವ ಲೇಪನವನ್ನು ರೂಪಿಸಿದ್ದರಿಂದಲೇ ಈ ಅರ್ಧವನ್ನು ಉಳಿಸುವ ದಾರಿ ತೆರೆಯಿತು. ಇಂದಿನ ಒಳ್ಳೆಯ ಬಹುಪದರ ಲೇಪನದಲ್ಲಿ ಶೇಕಡಾ 90ರಷ್ಟು ದಾಟಿ ಬರುತ್ತದೆ. ಆದ್ದರಿಂದ ಗಾಜು ಒರೆಸುವ ಕೆಲಸವನ್ನು ನಾನು ಅವಸರದಲ್ಲಿ ಮಾಡುವುದಿಲ್ಲ. ಮೊದಲು ಗಾಳಿಯೂದುವ ರಬ್ಬರ್ ಬುಗ್ಗೆಯಿಂದ ದೂಳು ಹಾರಿಸಿ, ಮೆತ್ತನೆಯ ಕುಂಚವನ್ನು ಅಂಚಿನ ಸಂದಿಯಲ್ಲಿ ಒಂದು ಸುತ್ತು ಆಡಿಸಿ, ಕೊನೆಗೆ ಮಾತ್ರ ಮಸೂರದ ಬಟ್ಟೆಯನ್ನು ನಡುವಿನಿಂದ ಹೊರಕ್ಕೆ ಸುತ್ತಿಸುತ್ತೇನೆ. ಐಪೀಸಿಗೆ ಹುಬ್ಬಿನ ಜಿಡ್ಡು ತಗುಲಿದ್ದರೆ ಸಂಜೆಯ ಓರೆ ಬೆಳಕಿನಲ್ಲಿ ಇಡೀ ಬಿಂಬವೇ ಹಾಲಿನಂತೆ ಬೆಳ್ಳಗಾಗುತ್ತದೆ.

30 ಮಿಲಿಮೀಟರ್ ಕೊಳ್ಳುವವರು, ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ರಿಂಗುಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹಳೆಯ ಒಂದು ಇಂಚಿನ ರಿಂಗುಗಳು ಇದಕ್ಕೆ ಹೊಂದುವುದಿಲ್ಲ. 50ರ ಮುಂದಿನ ಮಸೂರ ಬ್ಯಾರೆಲ್ಲಿಗೆ ತಾಗದಿರಲು ರಿಂಗು ಎತ್ತರವಾಗಬೇಕು, ಆಗ ಕೆನ್ನೆ ಕುಂದದಿಂದ (ಭುಜಕ್ಕೆ ಆನಿಸುವ ಹಿಂಭಾಗದಿಂದ) ಮೇಲೇಳುತ್ತದೆ. ನಾನು ಕುಂದಕ್ಕೆ ಬೆರಳಗಲದ ಚರ್ಮದ ದಿಂಬು ಕಟ್ಟಿಸಿಕೊಂಡೆ.

ದೂರದ ಗುರಿಗಳಿಗೆ ಟರೆಟ್ ತಿರುಗಿಸುತ್ತ ಹಗಲಲ್ಲಿ ಶೂಟ್ ಮಾಡುವವರಿಗೆ ಈ ಸ್ಕೋಪನ್ನು ಹಿಂಜರಿಯದೆ ಹೇಳುತ್ತೇನೆ. ನನ್ನಂತೆ ಸಂಜೆಯಷ್ಟೇ ಬಿಡುವಿರುವವರು, ಕೊಳ್ಳುವ ಮೊದಲು ಅಂಗಡಿಯ ದೀಪದ ಬೆಳಕಿನಲ್ಲಿ ನೋಡಿ ಒಪ್ಪಬೇಡಿ; ಸೂರ್ಯ ಮುಳುಗಿದ ಮೇಲೆ ಹೊರಗೆ ತೆಗೆದುಕೊಂಡು ಹೋಗಿ, ಕಪ್ಪು ಬಣ್ಣದ ಬಾಗಿಲಿನ ಮೇಲೋ ಮರದ ಬುಡದ ಮೇಲೋ ಗೆರೆಗಳನ್ನಿಟ್ಟು, ಸಂಜೆಗೆ ಬಳಸುವ ವರ್ಧನೆಯಲ್ಲೇ ನೋಡಿ. ಎರಡನೆಯ ರೈಫಲ್ಲಿಗೆ ಈಗ ಹಣ ಕೂಡಿಸುತ್ತಿದ್ದೇನೆ. ಅದರ ಮೇಲೆ ಏರುವುದು ಒಂದು ಇಂಚಿನ ಟ್ಯೂಬಿನ, ನಂಬರ್ 4 ರೆಟಿಕಲ್ಲಿನ 6×42.