ರಾಗಿಗೆ ಯೂರಿಯಾ: ಬಿತ್ತುವಾಗಲೇ, ಮೇಲುಗೊಬ್ಬರವಾಗಿ, ಇಲ್ಲಾ ಬಾಟಲಿಯಲ್ಲಿ?

ಮುಂಗಾರು ಶುರುವಾದರೆ ತುಮಕೂರು ಜಿಲ್ಲೆಯ ನಮ್ಮ ಗುಬ್ಬಿ ಕಡೆ ಎಲ್ಲಿ ನಿಂತರೂ ಯೂರಿಯಾದ್ದೇ ಮಾತು. ಕಳೆದ ವರ್ಷ ಅಂಗಡಿಯಲ್ಲಿ ಚೀಲ ಕೇಳಿದರೆ, ಜೊತೆಗೆ ನ್ಯಾನೋ ಯೂರಿಯಾ, ಅಂದರೆ ನೀರಿಗೆ ಬೆರೆಸಿ ಎಲೆಗೆ ಸಿಂಪಡಿಸುವ ದ್ರವ ಗೊಬ್ಬರದ ಬಾಟಲಿಯನ್ನೂ ತಗೊಳ್ಳಲೇಬೇಕು ಅಂದರು. ಸರಿ, ದುಡ್ಡು ಕೊಟ್ಟು ತಂದದ್ದನ್ನು ಅಟ್ಟದ ಮೇಲೆ ಇಡುವ ಬದಲು ಪರೀಕ್ಷೆ ಮಾಡೋಣ ಅಂತ ಒಂದೇ ಹೊಲದಲ್ಲಿ ಐದೈದು ಗುಂಟೆಯ ಮೂರು ಪಟ್ಟಿ ಮಾಡಿದೆ. ಕೆಂಪು ಮಣ್ಣು, ಮಳೆ ನಂಬಿದ ಹೊಲ, ತಳಿ ಎಂಎಲ್-365. ಕೊಟ್ಟಿಗೆ ಗೊಬ್ಬರ ಮೂರಕ್ಕೂ ಒಂದೇ ಸಮ.

ಮೊದಲು ಲೆಕ್ಕ ನೋಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಂತೆ ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕೆಜಿ ಸಾರಜನಕ, 40 ಕೆಜಿ ರಂಜಕ, 37.5 ಕೆಜಿ ಪೊಟ್ಯಾಷ್ ಬೇಕು. ಎಕರೆ ಲೆಕ್ಕದಲ್ಲಿ 20, 16, 15. ರಂಜಕ, ಸಾರಜನಕ ಎರಡೂ ಇರುವ ಡಿಎಪಿ ಗೊಬ್ಬರವನ್ನು ಎಕರೆಗೆ 35 ಕೆಜಿ ಹಾಕಿದರೆ ರಂಜಕ ಪೂರ್ತಿಯಾಯಿತು, ಸಾರಜನಕವೂ 6 ಕೆಜಿ ಚಿಲ್ಲರೆ ಬಂತು. ಉಳಿದದ್ದಕ್ಕೆ 30 ಕೆಜಿ ಯೂರಿಯಾ ಸಾಕು. ಅಂದರೆ 45 ಕೆಜಿಯ ಒಂದು ಚೀಲ ಕೂಡ ಪೂರ್ತಿ ಬೇಡ! ಎಕರೆಗೆ ಎರಡು ಚೀಲ ಚೆಲ್ಲುವವರು ನಮ್ಮಲ್ಲಿ ಇದ್ದಾರೆ. ಪೈರು ಕಡುಹಸಿರಾಗಿ ಎದ್ದು ನಿಲ್ಲುತ್ತದೆ ನಿಜ, ಆಮೇಲೆ ಬೆಂಕಿರೋಗ ಜಾಸ್ತಿ, ತೆನೆ ಕಟ್ಟಿದ ಮೇಲೆ ಒಂದು ಗಾಳಿಮಳೆಗೆ ನೆಲ ಹಿಡಿಯುತ್ತದೆ. ಪೊಟ್ಯಾಷ್ ಹಾಕುವವರು ಮಾತ್ರ ಕಡಿಮೆ. ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುವಾಗ ಅದರ ಹಲವು ಪಟ್ಟು ಕೊಟ್ಟು ಪೊಟ್ಯಾಷ್ ತರಲು ಯಾರಿಗೂ ಕೈ ಬರುವುದಿಲ್ಲ.

ಮೊದಲನೇ ಪಟ್ಟಿಗೆ ಎಲ್ಲವನ್ನೂ ಬಿತ್ತುವಾಗಲೇ ಹಾಕಿದೆ. ಒಂದೇ ಸಲದ ಕೆಲಸ, ಕೂಲಿ ಉಳಿಯುತ್ತದೆ. ಮೊದಲ ತಿಂಗಳು ಮೂರರಲ್ಲಿ ಇದೇ ಚೆನ್ನಾಗಿತ್ತು. ಆಮೇಲೆ ಎರಡು ಜೋರು ಮಳೆ ಬಂತು. ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆದ ಮೇಲೆ ನೀರಿನ ಜೊತೆ ಬೇರಿನ ಕೆಳಕ್ಕೆ ಇಳಿದುಬಿಡುತ್ತದೆ, ಎಳೇ ಬೇರು ಅಷ್ಟು ಆಳಕ್ಕೆ ಹೋಗಿರುವುದಿಲ್ಲ. 2015ರಿಂದ ಎಲ್ಲ ಯೂರಿಯಾಕ್ಕೂ ಬೇವಿನ ಲೇಪನ ಕಡ್ಡಾಯವಾಗಿದೆ, ಅದು ಈ ಬದಲಾವಣೆಯನ್ನು ನಿಧಾನ ಮಾಡುತ್ತದೆ. ನಿಲ್ಲಿಸುವುದಿಲ್ಲ. ತೆನೆ ಬರುವ ಹೊತ್ತಿಗೆ ಈ ಪಟ್ಟಿಯ ಬುಡದ ಎಲೆಗಳು ತುದಿಯಿಂದ ಒಳಕ್ಕೆ ಹಳದಿಯಾಗುತ್ತಾ ಬಂದವು. ಗಿಡ ಹಳೇ ಎಲೆಯ ಸಾರಜನಕ ಕಿತ್ತು ಮೇಲಿನ ಎಲೆಗೆ ಸಾಗಿಸುವ ಗುರುತು ಅದು.

ಎರಡನೇ ಪಟ್ಟಿಗೆ ಡಿಎಪಿ, ಪೊಟ್ಯಾಷ್ ಮತ್ತು ಎಕರೆಗೆ 8 ಕೆಜಿ ಲೆಕ್ಕದಲ್ಲಿ ಯೂರಿಯಾ ಬಿತ್ತನೆಗೆ. ಉಳಿದ 22 ಕೆಜಿ ಲೆಕ್ಕದ್ದು ತಿಂಗಳು ದಾಟಿದ ಮೇಲೆ ಮೇಲುಗೊಬ್ಬರವಾಗಿ. ಇಲ್ಲಿ ಹದ ಬಹಳ ಮುಖ್ಯ. ಮಳೆ ಬಿದ್ದು, ಮಣ್ಣು ಕೈಯಲ್ಲಿ ಹಿಡಿದರೆ ಉಂಡೆಯಾಗಿ ಬೆರಳು ತಾಗಿಸಿದರೆ ಉದುರಬೇಕು. ಆಗ ಸಾಲಿನ ಪಕ್ಕ ಯೂರಿಯಾ ಉದುರಿಸಿ, ತಕ್ಷಣ ಎಡೆಕುಂಟೆ (ಸಾಲುಗಳ ನಡುವೆ ಮಣ್ಣು ಕೆದಕುವ ಸಲಕರಣೆ) ಹೊಡೆದೆ. ಯೂರಿಯಾ ಕಾಳು ಮಣ್ಣಿನ ಮೇಲೆಯೇ ಬಿದ್ದಿದ್ದರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಮಣ್ಣು ಮುಚ್ಚಿದರೆ ಉಳಿಯುತ್ತದೆ. ಕಳೆಯೂ ಸತ್ತಿತು. ವಾರದಲ್ಲಿ ತೆಂಡೆ (ಬುಡದಿಂದ ಒಡೆಯುವ ಕವಲು) ಒತ್ತಾಗಿ ಬಂದದ್ದು ಬದುವಿನ ಮೇಲೆ ನಿಂತವರಿಗೂ ಕಾಣುತ್ತಿತ್ತು.

ಮೂರನೇ ಪಟ್ಟಿಗೆ ಬಿತ್ತನೆಯ ಗೊಬ್ಬರ ಎರಡನೆಯದರ ಹಾಗೇ. ಮೇಲುಗೊಬ್ಬರದ ಬದಲು ಬಾಟಲಿ ದ್ರಾವಣ ಎರಡು ಸಲ ಸಿಂಪಡಿಸಿದೆ. ಎಲೆ ಹಸಿರಾಯಿತು, ಸುಳ್ಳು ಹೇಳಬಾರದು. ಆದರೆ ಆ ಹಸಿರು ನಿಲ್ಲಲಿಲ್ಲ. ಯಾಕೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 2021ರಲ್ಲಿ ಮೊದಲು ಬಂದ ಶೇ 4 ಸಾರಜನಕದ ಅರ್ಧ ಲೀಟರ್ ಬಾಟಲಿಯಲ್ಲಿ ಇರುವ ಸಾರಜನಕ 20 ಗ್ರಾಂ. ಒಂದು ಚೀಲ ಯೂರಿಯಾದಲ್ಲಿ 20 ಕೆಜಿಗೂ ಜಾಸ್ತಿ. ಆಮೇಲೆ ಬಂದ ಶೇ 20ರ ಬಾಟಲಿಯಲ್ಲೂ ನೂರು ಗ್ರಾಂ ಆಸುಪಾಸು ಅಷ್ಟೇ. ಒಂದು ಕ್ವಿಂಟಾಲ್ ರಾಗಿ ಕಾಳು ತನ್ನೊಳಗೆ ಒಂದು ಕೆಜಿಗೂ ಮಿಕ್ಕಿ ಸಾರಜನಕ ಹೊತ್ತುಕೊಂಡು ಹೋಗುತ್ತದೆ. ಎಲೆ ಒಂದು ಹನಿಯೂ ಬಿಡದೆ ಹೀರಿಕೊಂಡರೂ ಈ ಬಾಕಿ ಎಲ್ಲಿಂದ ತುಂಬಬೇಕು? ಮಣ್ಣಿನಿಂದಲೇ ಅಲ್ವಾ?

ಒಕ್ಕಣೆ ಮಾಡಿ ಬೇರೆ ಬೇರೆ ತೂಗಿದೆ. ಎರಡನೇ ಪಟ್ಟಿ ಒಂದೂವರೆ ಕ್ವಿಂಟಾಲ್ ಮುಟ್ಟಿತು. ಮೊದಲನೆಯದು ಅದಕ್ಕಿಂತ ಇಪ್ಪತ್ತು ಕೆಜಿ ಕಡಿಮೆ. ಬಾಟಲಿಯದು ಇನ್ನೂ ಕೆಳಗೆ, ಹುಲ್ಲೂ ತೆಳು. ಒಂದು ಹೊಲ, ಒಂದು ಹಂಗಾಮು. ನಿಮ್ಮ ಮಣ್ಣಿನಲ್ಲಿ ಅಂಕಿ ಬದಲಾಗಬಹುದು. ಕೊನೇಹಳ್ಳಿ ಇಲ್ಲವೇ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಟ್ಟು ನೋಡಿಸಿ ಆಮೇಲೆ ಗೊಬ್ಬರ ತನ್ನಿ. ನನ್ನ ಮಟ್ಟಿಗೆ ಬಾಟಲಿಗೆ ಕೊಡುವ ದುಡ್ಡು ಪೊಟ್ಯಾಷ್‌ಗೆ ಹೋಗುತ್ತದೆ.

ಸಿಂಪಡಣೆಯೇ ಬೇಡ ಅನ್ನುತ್ತಿಲ್ಲ. ಮೇಲುಗೊಬ್ಬರದ ಹೊತ್ತಿಗೆ ಮಳೆ ಕೈಕೊಟ್ಟರೆ ಒಣ ಮಣ್ಣಿಗೆ ಯೂರಿಯಾ ಹಾಕಿ ಪ್ರಯೋಜನವಿಲ್ಲ. ಆಗ ಅದೇ ಚೀಲದ ಯೂರಿಯಾವನ್ನು ಲೀಟರ್ ನೀರಿಗೆ 20 ಗ್ರಾಂ ಕರಗಿಸಿ ಎಲೆಗೆ ಹೊಡೆಯಬಹುದು. 200 ಲೀಟರಿಗೆ 4 ಕೆಜಿ ಯೂರಿಯಾ, ಖರ್ಚು 24 ರೂಪಾಯಿ. ಸಾರಜನಕ ಹತ್ತಿರ ಹತ್ತಿರ ಎರಡು ಕೆಜಿ. ಬಿಸಿಲು ಏರುವ ಮುಂಚೆ ಇಲ್ಲವೇ ಸಂಜೆ ಹೊಡೆಯಿರಿ, ಉರಿಬಿಸಿಲಲ್ಲಿ ಎಲೆ ತುದಿ ಸುಡುತ್ತದೆ. ಮಳೆ ಬಂದು ಹದ ಸಿಕ್ಕಿದ ಕೂಡಲೇ ಉಳಿದ ಯೂರಿಯಾ ಸಾಲಿಗೆ ಹಾಕಿ ಕುಂಟೆ ಹೊಡೆಯಿರಿ.