ಬಾಡಿ ಕಿಟ್ ಹಾಕ್ಸಿದ್ರ ಗಾಡಿ ಜೋರ್ ಓಡ್ತೈತಿ ಅಂದ್ರ ನಂಬಬ್ಯಾಡ್ರಿ

ಹುಬ್ಬಳ್ಳಿ-ಧಾರವಾಡದಾಗ ಸ್ವಿಫ್ಟು, ಪೋಲೋ ಕಾರು ಇಟ್ಕೊಂಡು ಬಾಡಿ ಕಿಟ್ (ಹೊರಗಿಂದ ಕೂಡಿಸೋ ಬಂಪರ್, ಸೈಡ್ ಸ್ಕರ್ಟ್, ಹಿಂದಿನ ವಿಂಗ್) ಹುಡುಕಾಕತ್ತೋರು ರೊಕ್ಕ ಕೊಡೋಕಿಂತ ಮುಂಚೆ ಇದನ್ನೊಮ್ಮೆ ಓದ್ರಿ. ನಮ್ಮ ತಮ್ಮ ತನ್ನ ಸ್ವಿಫ್ಟಿಗೆ ಇಲ್ಲೇ ಒಂದ್ ಅಂಗಡ್ಯಾಗ ಫುಲ್ ಕಿಟ್ ಹಾಕ್ಸಿದ, ಹೆಸರು ಬ್ಯಾಡ. "ಅಣ್ಣಾ, ಡೌನ್‌ಫೋರ್ಸ್ ಬರ್ತೈತ್ರಿ, ಗಾಡಿ ರೋಡಿಗೆ ಕಚ್ಕೊಂಡ್ ಹೊಕ್ಕೈತಿ, ಪಿಕಪ್ಪೂ ಬೇರೇನ ಆಗ್ತೈತಿ" ಅಂತ ಹೇಳಿ ಹಾಕಿದ್ದು. ಪಿಕಪ್ ಎಲ್ಲಿಂದ ಬರಬೇಕ್ರಿ, ಇಂಜಿನ್ ಅದೇ ಹಳೇದು, ಮ್ಯಾಲ ಫೈಬರಿಂದು ಪುಟ್ಟಿದು ತೂಕ ಬ್ಯಾರೆ.

ಡೌನ್‌ಫೋರ್ಸ್, ಅಂದ್ರ ಓಡುವಾಗ ಗಾಳಿ ಗಾಡಿನ ಕೆಳಗ ಒತ್ತೋದು, ಸುಳ್ಳಲ್ಲ. ಪೋರ್ಷೆ 911 ಜಿಟಿ3 ಆರ್‌ಎಸ್ ಅನ್ನೋ ರೇಸಿಂಗ್ ಥರದ ಕಾರು, 2022ರಾಗ ಬಂದ ಮಾಡೆಲ್, 200 ಕಿ.ಮೀ ಸ್ಪೀಡಿನ್ಯಾಗ 409 ಕೆಜಿ, 285ಕ್ಕ 860 ಕೆಜಿ ಒತ್ತಡ ಹಾಕ್ತೈತಿ ಅಂತ ಕಂಪನಿನ ಹೇಳ್ತೈತಿ. ಆದ್ರ ಸ್ಪೀಡ್ ಅರ್ಧ ಆದ್ರ ಈ ಒತ್ತಡ ಕಾಲು ಭಾಗಕ್ಕ ಇಳಿತೈತಿ, ಹಂಗ ಲೆಕ್ಕ ಹಾಕ್ಕೋಂತ ಬಂದ್ರ ಅದೇ ಪೋರ್ಷೆ ಉಣಕಲ್ ಹತ್ರ 50ರಾಗ ಹೊಂಟ್ರ ಸುಮಾರು 25 ಕೆಜಿ, ಅಂದ್ರ ಡಿಕ್ಕ್ಯಾಗ ಒಂದ್ ಅಕ್ಕಿ ಚೀಲ ಇಟ್ಟಂಗ. ವಿಂಡ್ ಟನಲ್‌ನಾಗ (ಗಾಳಿ ಬಿಟ್ಟು ಪರೀಕ್ಷೆ ಮಾಡೋ ಸುರಂಗ) ತಿದ್ದಿ ತೀಡಿದ ಗಾಡಿದ ಇಷ್ಟು, ಕಣ್ಣಳತಿ ಮ್ಯಾಲ ಎರಕ ಹೊಯ್ದ ವಿಂಗಿಂದು ಕೇಳೋದ ಬ್ಯಾಡ. ಅದ್ರಾಗ ಸ್ವಿಫ್ಟ್ ಎಳಿಯೋದು ಮುಂದಿನ ಗಾಲಿ, ಹಿಂದ ವಿಂಗ್ ಒತ್ತಿದ್ರ ಮುಂದ ಹಿಡಿತ ಹೆಂಗ ಬರ್ತೈತಿ ಹೇಳ್ರಿ.

ಇದೆಲ್ಲ ಹೋಗ್ಲಿ, ಚಂದಾದ್ರೂ ಕಾಣ್ತದಲ್ಲ ಅಂತೀರಿ. ಫಿಟ್ಟಿಂಗ್ ನೋಡ್ರಿ ಮತ್ತ. ಸೈಡ್ ಸ್ಕರ್ಟಿಗೆ ಬಾಗಿಲ ಕೆಳಗಿನ ತಗಡಿಗೇ ಸ್ಕ್ರೂ ಹೊಡ್ದಾರ, ತೂತಿಗೆ ಪ್ರೈಮರ್ ಇಲ್ಲ ಸೀಲರ್ ಇಲ್ಲ, ಒಂದ್ ಮಳಿಗಾಲಕ್ಕ ಪ್ರತಿ ಸ್ಕ್ರೂ ಕೆಳಗ ಕೆಂಪು ಗೆರಿ ಇಳದೈತಿ. ಸ್ಕರ್ಟ್ ಬಿಚ್ಚಿದ್ರ ಒಳಗ ಹಸಿ ಕೆಸರು, ಬೆರಳಿಂದ ಕೆರೆದ್ರ ಬಣ್ಣ ಹಕ್ಕಳಿ ಹಕ್ಕಳಿ ಎದ್ ಬಂತು. ವಿಂಗಿನ ತೂತಿಂದ ನೀರು ಒಳಗ ಇಳದು ಸ್ಟೆಪ್ನಿ ಗುಂಡ್ಯಾಗ ನಿಂತಿತ್ತು. ಮುಂದಿನ ಬಂಪರ್ ಕೆಳಗಿನ ಲಿಪ್ಪು ನಮ್ಮೂರ ರೋಡ್ ಹಂಪುಗಳಿಗೆ ಎಷ್ಟ್ ದಿನ ತಾಳ್ತೈತಿ, ಅದೂ ಸೀಳಿತು. ಸಿಟ್ ಬಂದಿದ್ದು ಮಾತ್ರ ಇದಕ್ಕ: ಹೊಸಾ ಬಂಪರ್ ಕೂಡವಲ್ದು ಅಂತ ಒಳಗಿನ ಫೋಮ್ ಕಿತ್ತು ಒಗದಾರ, ಹೇಳಿಲ್ಲ ಕೇಳಿಲ್ಲ. ಡಿಕ್ಕಿ ಆದಾಗ ಪೆಟ್ಟು ನುಂಗೋದ ಅದು! ಬಂಪರ್ ಮ್ಯಾಲಿನ ಜಾಳಿಗಿನೂ ಬರೇ ಶೋಕಿಗೆ, ಹಿಂದ ಮುಚ್ಚೈತಿ, ಗಾಳಿ ಹೋಗೋ ದಾರಿನ ಇಲ್ಲ.

ಕಾನೂನೂ ಐತ್ರಿ. ಮೋಟಾರು ವಾಹನ ಕಾಯ್ದೆಯ 182ಎ ಕಲಂ 2019ರಾಗ ತಿದ್ದ್ಯಾರ, ಕಾಯ್ದೆ ಒಪ್ಪದಂಗ ಗಾಡಿ ಮಾರ್ಪಾಡು ಮಾಡ್ಸಿದ್ರ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ ಇಲ್ಲಾ 6 ತಿಂಗಳ ತನಕ ಜೈಲು, ಎರಡೂ ಹಾಕಬಹುದು. ಬೀಳೋದು ಮಾಲಕನ ಮ್ಯಾಲ. ಇನ್ಶೂರೆನ್ಸಿನವ್ರಿಗೆ ಮೊದ್ಲ ತಿಳಿಸಿರಲಿಲ್ಲ ಅಂದ್ರ ಕ್ಲೇಮ್ ಟೈಮಿಗೆ ತಕರಾರು.

ಖರೇನ ಹಿಡಿತ ಬೇಕಾದ್ರ ಚಲೋ ಟಾಯರ್ ಹಾಕ್ಸ್ರಿ. ಇಲ್ಲ, ನಮಗ ಲುಕ್ಕೇ ಬೇಕಂದ್ರ ತಗಡಿಗೆ ತೂತು ಹೊಡಿಯದ, ಕಂಪನಿ ತೂತಿಗೇ ಕೂಡೋ ಎಬಿಎಸ್ ಪ್ಲಾಸ್ಟಿಕ್ ಪೀಸ್ ತಗೋರಿ, ಕೆಲಸ ಮುಗಿಯೋತನಕ ಅಲ್ಲೇ ನಿಂದರ್ರಿ. ಹಳೇ ಬಂಪರ್ ಅಂಗಡ್ಯಾಗ ಬಿಟ್ ಬರಬ್ಯಾಡ್ರಿ, ನಾವು ವಾಪಸ್ ಕೇಳಾಕ ಹೋದ್ರ ಗುಜರಿಗೆ ಹೋತ್ರಿ ಅಂದ್ರು.